ನೀಲಿ ಬೋಗುಣಿಯ ವಿಲೇವಾರಿ ಕುರಿತು

ಇಂದ,
ಉಲ್ಕಾನ್ ಎಶ್ಮಾತೋವಾ,
ಶಾಲೆಯ ನಿವೃತ್ತ ಅಡುಗೆಯವರು,
ಕಾಲುವೆ ದಂಡೆಯ ಕೊನೆಯ ಮನೆ (ಇದಾದ ಮೇಲೆ ಬೇರೆ ದೇಶ),
ಕರಾ-ತುತ್ ಗ್ರಾಮ, ಕಿರ್ಗಿಜ್‌ಸ್ತಾನ.

ಗೆ,
ಮಾನ್ಯ ಕಾರ್ಯದರ್ಶಿಯವರು,
ನೆರೆರಾಷ್ಟ್ರಗಳ ಜಂಟಿ ಇಂಧನ ಸಹಕಾರ ಆಯೋಗ,
ಗಡಿ ಶಾಖೆ, ಹಳೆಯ ಹತ್ತಿ ಗೋದಾಮಿನ ಮಹಡಿ.

ವಿಷಯ: ತಮ್ಮ ವಶದಲ್ಲಿರುವ ನೀಲಿ ಬೋಗುಣಿ ಒಂದರ ವಿಲೇವಾರಿ ಬಗ್ಗೆ.

ಉಲ್ಲೇಖ: 1) ತಮ್ಮವರು ನನ್ನ ಮನೆ ಮುಂದಿನ ಬಯಲಿನಲ್ಲಿ ಬರೆದುಕೊಟ್ಟ ರಸೀದಿ.
2) ಕಾಲುವೆಯ ಆಚೆ ದಡದ ನಿವಾಸಿ ಮಸ್ತುರಾಳ ಬಾಗಿಲಿಗೆ ತಮ್ಮವರು ಅಂಟಿಸಿದ ತೆರವು ನೋಟಿಸು, ಮುಖ್ಯವಾಗಿ ಅದರ ಒಂಬತ್ತನೆಯ ಕಲಮು.
3) 'ಬೋಗುಣಿ ಸಿದ್ಧವಿದೆ, ಬಂದು ಒಯ್ಯತಕ್ಕದ್ದು' ಎಂಬ ತಮ್ಮ ಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಎರಡು ದೇಶಗಳ ನಡುವೆ ತಾವು ಎಳೆಯುತ್ತಿರುವ ಹೊಸ ವಿದ್ಯುತ್ ಮಾರ್ಗದ ಕಂಬವೊಂದರ ಕಾಲು ಮಸ್ತುರಾಳ ಅಡುಗೆಮನೆಯಲ್ಲಿ ಬೀಳುತ್ತದೆ. ಆದ್ದರಿಂದ ಅವಳು ಮನೆ ಬಿಟ್ಟು ಹೋಗಬೇಕಾಗಿದೆ. ಅವಳು ಹೋಗುವುದು ನನಗೆ ಬೇಡ. ವಿಷಯ ಇಷ್ಟೇ. ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಕಳೆದ ವಾರ ತಮ್ಮ ಕಚೇರಿಗೆ ತಂದಿದ್ದೆ. ತಮ್ಮ ಗುಮಾಸ್ತರು ಓದಿ, "ಇದು ಅಳು ಅಪಾ, ಅರ್ಜಿ ಅಲ್ಲ. ಅಂಶ ಹಾಕಿ ಬರ್ಕೊಂಡ್ ಬನ್ನಿ" ಎಂದು, ತಾಯಿಗೆ ಹೇಳುವಂತೆ ಹೇಳಿ, ಹಿಂದಕ್ಕೆ ಕೊಟ್ಟರು. ಕಾರಣ ಈಗ ಅಂಶ ಹಾಕಿ ಬರೆಯುತ್ತಿದ್ದೇನೆ.

1. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಕಾಲುವೆ ಬರೀ ಕಾಲುವೆಯಾಗಿತ್ತು. ಆಚೆ ದಡದಲ್ಲಿ ಮಸ್ತುರಾ ಬಟ್ಟೆ ಒಗೆಯುತ್ತಿದ್ದಳು, ಈಚೆ ದಡದಲ್ಲಿ ನಾನು ಕಡಾಯಿ ಉಜ್ಜುತ್ತಿದ್ದೆ. ಅವಳ ಸೋಪಿನ ನೊರೆ ನನ್ನ ಕಡಾಯಿಗೆ ಬರುತ್ತಿತ್ತು, ನಾವು ಬೈದಾಡಿಕೊಂಡೇ ಪರಿಚಯವಾದೆವು. ಆಮೇಲೆ ಯಾರೋ ದೊಡ್ಡವರು ಅದೇ ಕಾಲುವೆಯನ್ನು ಗಡಿ ಎಂದು ತೀರ್ಮಾನಿಸಿದರು. ಬೇಲಿ ಬಂತು, ಹಲಗೆಯ ಸೇತುವೆ ಹೋಯಿತು. ಈಗ ಅವಳ ಮನೆಗೆ ಚಹಾಕ್ಕೆ ಹೋಗಬೇಕಾದರೆ ತಪಾಸಣಾ ಠಾಣೆ ಸುತ್ತಿ, ಬಸ್ಸು ಬದಲಿಸಿ, ಸರತಿಯಲ್ಲಿ ನಿಂತು ಹೋಗಬೇಕು. ತಲುಪುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತೇ ಮರೆತಿರುತ್ತದೆ. ಆದ್ದರಿಂದ ಎರಡೂ ದಡದ ಹಿಪ್ಪುನೇರಳೆ ಮರಗಳಿಗೆ ರಾಟೆ ಕಟ್ಟಿ ಬೇಲಿಯ ಮೇಲಿಂದ ಹಗ್ಗ ಎಳೆದುಕೊಂಡಿದ್ದೇವೆ. ಹಗ್ಗಕ್ಕೆ ಬುಟ್ಟಿ, ಬುಟ್ಟಿಯೊಳಗೆ ಬೋಗುಣಿ. ಇದು ಎರಡೂ ಕಡೆಯ ಕಾವಲಿನ ಹುಡುಗರಿಗೆ ಗೊತ್ತು. ತಲಾ ಒಂದು ತುಂಡು ಸುಂಕ ಎತ್ತಿಕೊಳ್ಳುತ್ತಾರೆ. ಅದರ ಬಗ್ಗೆ ನನ್ನ ದೂರೇನೂ ಇಲ್ಲ, ಹುಡುಗರು ಬೆಳೆಯುವ ವಯಸ್ಸಿನವರು.

2. ನೆರೆಯವರ ಬೋಗುಣಿಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಈ ಬಗ್ಗೆ ಎರಡೂ ದೇಶಗಳಲ್ಲಿ ಕಾಯಿದೆ ಇಲ್ಲ, ಆದರೆ ಎರಡೂ ದೇಶಗಳಲ್ಲಿ ಜಾರಿಯಲ್ಲಿದೆ. ಸಾರು ಬಂದರೆ ಒಣ ಜರದಾಳು ಹೋಗುತ್ತದೆ, ಜರದಾಳು ಬಂದರೆ ಮೊಸರು ಹೋಗುತ್ತದೆ, ಏನೂ ಇಲ್ಲದ ದಿನ ಒಂದು ಹಿಡಿ ಉಪ್ಪಾದರೂ ಹೋಗುತ್ತದೆ. ಒಮ್ಮೆ ಉಪ್ಪೂ ಇಲ್ಲದೆ ನಾನು ಕೋಳಿಮರಿಯನ್ನು ಕೂರಿಸಿ ಕಳಿಸಿದೆ. ಅದು ನಡುದಾರಿಯಲ್ಲಿ ಹಾರಿ, ಯಾವ ದೇಶಕ್ಕೂ ಸೇರದ ನಾಲ್ಕು ಮೊಳ ಜಾಗದಲ್ಲಿ ಕೂತುಬಿಟ್ಟಿತು. ಎರಡು ಸೈನ್ಯಗಳೂ ಸೇರಿ ಹಿಡಿಯಬೇಕಾಯಿತು. ಗಡಿ ಇತಿಹಾಸದಲ್ಲಿ ಅದೊಂದೇ ಜಂಟಿ ಕಾರ್ಯಾಚರಣೆ ಎಂದು ಕೇಳಿದ್ದೇನೆ.

ಇದರಿಂದ ಒಂದು ಅನುಕೂಲವಿದೆ. ಒಂದು ಚಳಿಗಾಲದಲ್ಲಿ ರೇಡಿಯೋ ಕೇಳಿಕೊಂಡು ನಾವಿಬ್ಬರೂ ಜಗಳಕ್ಕೆ ಬಿದ್ದೆವು. "ಬೇಸಿಗೇಲಿ ನಿಮ್ಮೋರು ನೀರೆಲ್ಲ ಕಟ್ಟಿಟ್ಕೊಂಡು ನಮ್ ಹೊಲ ಒಣಗಿಸ್ತಾರೆ" ಎಂದು ಅವಳು. "ನಿಮ್ಮೋರು ಗ್ಯಾಸ್ ಕೊಡ್ದೆ ನಮ್ ಮಕ್ಕಳನ್ನ ನಡುಗಿಸ್ತಾರೆ, ಅದಕ್ಕೇ ಆ ನೀರು ಚಳೀಲಿ ಬಿಟ್ಟು ಕರೆಂಟ್ ಮಾಡ್ಕೋತೀವಿ" ಎಂದು ನಾನು. ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ಬಾಗಿಲು ಬಡಿದುಕೊಂಡು ಒಳಗೆ ಹೋದೆವು. ಆದರೆ ಬೋಗುಣಿ ನನ್ನ ಹತ್ತಿರ ಉಳಿದಿತ್ತು. ಕಪಾಟಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಕೊನೆಗೆ ಬೈದುಕೊಂಡೇ ಹಾಲುಗಡ್ಡೆ ತುಂಬಿ ಕಳಿಸಿದೆ, ಜಗಳ ಮುಗಿಯಿತು. ಎರಡು ಸರ್ಕಾರಗಳ ನಡುವೆಯೂ ಇಂಥದ್ದೊಂದು ಪಾತ್ರೆ ಓಡಾಡುತ್ತಿದ್ದರೆ ಆಯೋಗದ ಅವಶ್ಯಕತೆ ಇರುತ್ತಿತ್ತೋ ಇಲ್ಲವೋ ಎಂಬುದನ್ನು ತಮ್ಮ ತೀರ್ಮಾನಕ್ಕೇ ಬಿಡುತ್ತೇನೆ.

3. ಇಂಧನ ಭದ್ರತೆಯ ವಿಚಾರ. ಚಳಿ ಹೆಚ್ಚಾದ ದಿನ ನಮ್ಮ ಕಡೆ ಕರೆಂಟು ಹೋಗುತ್ತದೆ, ಅವರ ಕಡೆ ಗ್ಯಾಸು ಹೋಗುತ್ತದೆ. ದೇವರ ದಯೆಯಿಂದ ಎರಡೂ ಒಟ್ಟಿಗೆ ಹೋಗುವುದು ಅಪರೂಪ. ಕಾರಣ ನಾವಿಬ್ಬರು ಮಾಡಿಕೊಂಡ ಏರ್ಪಾಡು ಹೀಗಿದೆ:

"ಏ ಉಲ್ಕಾನ್! ಕರೆಂಟ್ ಇದ್ಯೇನೇ?"

"ಇದೆ. ನಿನ್ ಗ್ಯಾಸು?"

"ಉಸಿರೇ ಇಲ್ಲ. ನೀಲಿ ಬಣ್ಣಾನೂ ಕಾಣ್ತಿಲ್ಲ."

"ಅಕ್ಕಿ, ಕ್ಯಾರೆಟ್ ಹೆಚ್ಚಿ ಕಳ್ಸು. ಬೇಯಿಸಿ ಕೊಡ್ತೀನಿ."

"ಉಪ್ಪು ಹಾಕಿಲ್ಲ, ನೋಡ್ಕೊ."

"ನೀನ್ ಯಾವತ್ತು ಸರಿಯಾಗಿ ಹಾಕಿದ್ದೆ, ಬಿಡು."

ನಮ್ಮ ಕರೆಂಟು ಹೋದ ದಿನ ನನ್ನ ಹಿಟ್ಟು ಆಚೆ ಹೋಗಿ ಅವಳ ಒಲೆಯಲ್ಲಿ ರೊಟ್ಟಿಯಾಗಿ ಬರುತ್ತದೆ. ಎರಡೂ ಹೋದ ದಿನ ಬೆರಣಿ ಇದೆ. ಹಸು ಎರಡೂ ದೇಶಗಳಲ್ಲಿ ಒಂದೇ ರೀತಿ ಕೆಲಸ ಮಾಡುತ್ತದೆ. ಮಾತುಕತೆಗೆ ಬೇಕಾಗುವ ಸಮಯ ಮೇಲೆ ಬರೆದಷ್ಟೇ. ಚಹಾ ವಿರಾಮವಿಲ್ಲ, ಧ್ವಜವಿಲ್ಲ.

4. ಹೀಗಿರುವಲ್ಲಿ, ಹೊಸ ಮಾರ್ಗದ ಕಾಮಗಾರಿಯ ಉದ್ಘಾಟನೆಯನ್ನು ಆಯೋಗವು ನನ್ನ ಮನೆ ಮುಂದಿನ ಬಯಲಿನಲ್ಲಿ ಏರ್ಪಡಿಸಿತು. ಆ ಕಡೆಯ ನಿಯೋಗವೂ ಕಾರುಗಳಲ್ಲಿ ಬಂದಿತ್ತು. ಕಾರ್ಯಕ್ರಮಕ್ಕೆ ಕಳೆ ಬರಲೆಂದು ತಾವು ಆಳೆತ್ತರದ ಕಹಳೆ ಮತ್ತು ನಗಾರಿಯವರನ್ನು ಕರೆಸಿದ್ದಿರಿ. ಇಲ್ಲೇ ಎಡವಟ್ಟಾಯಿತು. ಈ ಕಣಿವೆಯಲ್ಲಿ ಆ ಕಹಳೆ ಊದುವುದು ಮದುವೆ ಮನೆಯಲ್ಲಿ. ನೆರೆಯಲ್ಲಿ ಕಹಳೆ ಕೇಳಿಸಿದರೆ, ಪಾಪ ಅವರ ಮನೆಗೆ ನೆಂಟರು ಬಂದಿದ್ದಾರೆ, ಒಲೆ ಸಾಲದು ಎಂದು ತಿಳಿದು ತಿಂಡಿ ಮಾಡಿ ಕಳಿಸುವುದು ರೂಢಿ. ಆಯೋಗದ ಕಹಳೆಗೂ ಮದುವೆಯ ಕಹಳೆಗೂ ರಾಗದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ತನ್ನ ಅಂಗಳದ ಗೋಡೆಯ ಹಿಂದಿದ್ದ ಮಸ್ತುರಾಳಿಗೆ ಕಾರುಗಳೂ ಕಾಣಲಿಲ್ಲ, ಧ್ವಜಗಳೂ ಕಾಣಲಿಲ್ಲ. ಕುಂಬಳಕಾಯಿ ತುಂಬಿದ ಬಿಸಿ ಬಿಸಿ ಸಮ್ಸಾಗಳನ್ನು ನೀಲಿ ಬೋಗುಣಿಗೆ ಹಾಕಿ, ಬುಟ್ಟಿಯಲ್ಲಿಟ್ಟು, ಹಗ್ಗ ಎಳೆದಳು.

ಆಗ ಎರಡೂ ದೇಶಗಳ ಉಪಕಾರ್ಯದರ್ಶಿಗಳು ನನ್ನ ಹಿಪ್ಪುನೇರಳೆ ಮರದಡಿ ಕ್ಯಾಮೆರಾ ಮುಂದೆ ಕೈಕುಲುಕುತ್ತಿದ್ದರು. ಬುಟ್ಟಿ ತೂಗಾಡುತ್ತಾ ಬಂದು ಅವರಿಬ್ಬರ ಕೈಗಳ ಮೇಲೆ ನಿಂತಿತು.

5. ಸ್ಥಳದಲ್ಲಿ ನಡೆದ ವಿಚಾರಣೆಯನ್ನು ನಡೆದ ಹಾಗೆಯೇ ಬರೆಯುತ್ತೇನೆ. ಪ್ರಶ್ನೆ ಕೇಳಿದವರು ನಮ್ಮ ಕಡೆಯ ಉಪಕಾರ್ಯದರ್ಶಿ ಎರ್ಮೆಕ್. ಪಕ್ಕದಲ್ಲಿ ನಿಂತಿದ್ದವರು ಆ ಕಡೆಯ ಉಪಕಾರ್ಯದರ್ಶಿ ಇಸ್ಮತುಲ್ಲಾ.

"ಏನಮ್ಮಾ ಇದು?" ಎಂದರು ಎರ್ಮೆಕ್.

"ಸಮ್ಸಾ."

"ಎಲ್ಲಿಂದ ಬಂತು?"

"ಆ ಕಡೆಯಿಂದ."

"ಬಿಸಿ ಇದೆ!"

"ತಣ್ಣಗಿದ್ರೆ ಯಾರು ತಿಂತಾರಪ್ಪ?"

"ಅಂದ್ರೆ ಅವರ ಗ್ಯಾಸಲ್ಲಿ ಬೆಂದಿದೆ. ಇಸ್ಮತುಲ್ಲಾ, ನಿಮ್ ಇಂಧನ ಘೋಷಣೆ ಇಲ್ದೆ ಗಡಿ ದಾಟಿದೆಯಲ್ರೀ."

"ನಮ್ ಗ್ಯಾಸೇ ಇರ್ಬೋದು" ಎಂದರು ಇಸ್ಮತುಲ್ಲಾ. "ಆದ್ರೆ ಎಳ್ಕೊಂಡಿದ್ದು ನಿಮ್ ಹಗ್ಗ."

ಕ್ಯಾಮೆರಾ ಇಲ್ಲದಿದ್ದರೆ ಇಬ್ಬರೂ ತಿಂದು ಕೈ ಒರೆಸಿಕೊಂಡು ಸುಮ್ಮನಾಗುತ್ತಿದ್ದರು. ಅವರು ಕೆಟ್ಟವರಲ್ಲ. ಕ್ಯಾಮೆರಾ ಇದ್ದುದರಿಂದ ರಸೀದಿ ಬರೆಯಬೇಕಾಯಿತು. ಬೋಗುಣಿಯನ್ನು ವಶಪಡಿಸಿಕೊಂಡರು. ಅದರೊಳಗಿದ್ದದ್ದು ಕೆಡುವ ಸರಕಾದ್ದರಿಂದ ಸ್ಥಳದಲ್ಲೇ ವಿಲೇವಾರಿ ಮಾಡಲಾಯಿತು. ವಿಲೇವಾರಿಯಲ್ಲಿ ಎರಡೂ ನಿಯೋಗಗಳು ಸಮನಾಗಿ ಭಾಗವಹಿಸಿದವು. ಇಸ್ಮತುಲ್ಲಾ ಅವರು ತುಟಿ ಒರೆಸಿಕೊಳ್ಳುತ್ತಾ, "ಈರುಳ್ಳಿ ಸ್ವಲ್ಪ ಮುಂದು" ಎಂದದ್ದೂ ನನ್ನ ಕಿವಿಗೆ ಬಿದ್ದಿದೆ. ಈ ಮಾತನ್ನು ಮಸ್ತುರಾಳಿಗೆ ನಾನಿನ್ನೂ ಹೇಳಿಲ್ಲ.

ಕಾರುಗಳು ಹೋದ ಮೇಲೆ ಬೇಲಿಯಾಚೆಯಿಂದ ಅವಳ ಗಂಟಲು ಕೇಳಿಸಿತು.

"ಅಲ್ವೇ ಪಾಪಿ, ಮದುವೆ ಮಾಡ್ತಿದೀಯ, ಒಂದು ಮಾತು ಹೇಳೋದಲ್ವಾ?"

"ಯಾರ ಮದುವೆನೇ? ಮನೇಲಿ ಇರೋಳು ನಾನೊಬ್ಳೇ!"

"ನಿಂದೇ ಅನ್ಕೊಂಡೆ. ಯಾರೋ ಕಣ್ಣು ಕಾಣದೋನು ಸಿಕ್ಕಿರ್ಬೇಕು ಅಂತ ಖುಷಿಪಟ್ಟೆ."

6. ಮರುವಾರ ಅವಳ ಬಾಗಿಲಿಗೆ ನೋಟಿಸು ಬಿತ್ತು. ಮನೆ ತೆರವು ಮಾಡಬೇಕು, ಬದಲಿಗೆ ಪಟ್ಟಣದಲ್ಲಿ ಮೂರನೇ ಮಹಡಿಯ ಮನೆ ಕೊಡಲಾಗುವುದು ಎಂದು. ಅವಳು ಅದನ್ನು ಬೇಲಿಯ ಹತ್ತಿರ ನಿಂತು ಗಟ್ಟಿಯಾಗಿ ಓದಿದಳು. ಓದಿ, "ಬಿಸಿನೀರು ನಲ್ಲೀಲೇ ಬರುತ್ತಂತೆ ಕಣೇ. ರಾಣಿ ಹಾಗಿರ್ತೀನಿ" ಎಂದು ನಕ್ಕಳು. ನಾನೂ ನಕ್ಕೆ. ನೋಟಿಸು ಮಡಚುತ್ತಾ, "ಮೂರನೇ ಮಹಡಿಯಿಂದ ಹಗ್ಗ ಎಲ್ಲಿಗೇಂತ ಕಟ್ಲಿ?" ಎಂದು ಕೇಳಿದಳು.  ಹಸುವಿಗೆ ನೀರಿಡಬೇಕು ಎಂದು ಸುಳ್ಳು ಹೇಳಿ ಒಳಗೆ ಬಂದು ಅತ್ತೆ. ಗುಮಾಸ್ತರು ಅಳು ಬೇಡವೆಂದಿದ್ದರೂ ಇದು ಅಂಶವಾದ್ದರಿಂದ ಬರೆದಿದ್ದೇನೆ.

7. ಸದರಿ ನೋಟಿಸಿನ ಒಂಬತ್ತನೆಯ ಕಲಮು ಹೀಗಿದೆ: 'ತೆರವುಗೊಳ್ಳುವವರಿಗೆ ಸೇರಿದ ಯಾವುದೇ ವಸ್ತು ಆಯೋಗದ ವಶದಲ್ಲಿದ್ದಲ್ಲಿ, ಅದನ್ನು ಸ್ಥಳೀಯ ರೂಢಿಗೆ ಅನುಸಾರವಾಗಿ ಹಿಂದಿರುಗಿಸಿದ ನಂತರವೇ ತೆರವು ಜಾರಿಗೆ ಬರತಕ್ಕದ್ದು.' ಇದನ್ನು ಬರೆದವರು ಯಾರೋ ತಿಳಿಯದು. ಅವರ ಮನೆಯ ಒಲೆ ಎಂದೂ ಆರದಿರಲಿ.

ಆ ಕಲಮನ್ನು ಓದಿದಾಗಿನಿಂದ ಮಸ್ತುರಾ ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ಕೇಳುತ್ತಾಳೆ.

"ಬಂತಾ ನನ್ ಬೋಗುಣಿ?"

"ಇಲ್ಲ."

"ಥೂ, ಏನು ಕಚೇರೀನೋ! ನಮ್ಮಮ್ಮ ಕೊಟ್ಟ ಬೋಗುಣಿ. ಅದು ಬರ್ದೆ ನಾನು ಕದಲೋಳಲ್ಲ, ಹೇಳ್ಬಿಡು ಅವರಿಗೆ."

ಹೀಗೆ ತಮ್ಮನ್ನು ಬೈದು ಒಳಗೆ ಹೋಗುತ್ತಾಳೆ. ಹೋದವಳು ಕಟ್ಟಿಟ್ಟ ಗಂಟುಗಳಲ್ಲಿ ಒಂದನ್ನು ಬಿಚ್ಚುತ್ತಾಳೆ. ಮೊದಲು ರಜಾಯಿಗಳು ಹೊರಬಂದವು, ಆಮೇಲೆ ಚಹಾ ಪಾತ್ರೆ. ಕೊನೆಗೆ ಈರುಳ್ಳಿ ಸಸಿಯನ್ನೂ ನೆಟ್ಟಳು. ಕೆಡವಲಿರುವ ಮನೆಯ ಹಿತ್ತಲಿಗೆ ನಾನೂ ಬುಟ್ಟಿಯಲ್ಲಿ ಗೊಬ್ಬರ ಕಳಿಸಿದೆ.

8. ಹೀಗೆ ಎಲ್ಲವೂ ಸುಗಮವಾಗಿ ನಡೆಯುತ್ತಿರುವಾಗ ತಮ್ಮ ಪತ್ರ ಬಂತು. ಬೋಗುಣಿ ಸಿದ್ಧವಿದೆಯಂತೆ, ಬಂದು ಒಯ್ಯಬೇಕಂತೆ. ಮಾನ್ಯರೇ, ತಮ್ಮ ಆಯೋಗದ ಬಗ್ಗೆ ನನಗೆ ಅಪಾರ ನಂಬಿಕೆಯಿತ್ತು. ಕಾಲುವೆಯ ಹೂಳನ್ನು ಯಾವ ದೇಶ ತೆಗೆಯಬೇಕು ಎಂಬುದನ್ನು ತೀರ್ಮಾನಿಸಲು ಆಯೋಗ ತೆಗೆದುಕೊಂಡ ಕಾಲದಲ್ಲಿ ನನ್ನ ಮೊಮ್ಮಗಳು ಹುಟ್ಟಿ, ಶಾಲೆ ಮುಗಿಸಿ, ಅದೇ ಶಾಲೆಗೆ ಶಿಕ್ಷಕಿಯಾದಳು. ಹೂಳು ಇನ್ನೂ ಅಲ್ಲೇ ಇದೆ. ಅಂಥ ಆಯೋಗ ಒಂದು ಬೋಗುಣಿಯ ವಿಷಯದಲ್ಲಿ ಇಷ್ಟು ಅವಸರ ಮಾಡುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಪತ್ರ ಬಂದ ವಿಷಯವನ್ನು ಮಸ್ತುರಾಳಿಗೆ ಹೇಳಿದೆ. ಮುಚ್ಚಿಡುವ ಅಭ್ಯಾಸ ನಮ್ಮಲ್ಲಿಲ್ಲ. ಅವಳು ತಿರುಗಿ ಹಿತ್ತಲ ಕಡೆ ನೋಡಿದಳು. ಆಮೇಲೆ, "ಹಂಗಾದ್ರೆ ಈರುಳ್ಳಿ ನೀನೇ ಕಿತ್ಕೊ" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಬೈಯದೆ ಮಾತು ಮುಗಿಸಿದ್ದು ಅದೇ ಮೊದಲು. ಆ ರಾತ್ರಿಯೇ ಮೇಲೆ ಹೇಳಿದ ಆ ಒಂದು ಹಾಳೆಯನ್ನು ಬರೆದೆ.

9. ಅದೇ ಭರದಲ್ಲಿ ಆ ಹಾಳೆ ಹಿಡಿದು ನಾನು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಪಾಟು ತೆಗೆದು ಬೋಗುಣಿಯನ್ನು ಮೇಜಿನ ಮೇಲಿಟ್ಟರು. ಚೆನ್ನಾಗಿ ತೊಳೆದಿದ್ದರು, ಅದಕ್ಕೆ ಕೃತಜ್ಞತೆಗಳು. ನಾನು ಒಳಗೆ ಇಣುಕಿದೆ. ಏನೂ ಇರಲಿಲ್ಲ.

"ಇದು ಖಾಲಿ ಇದೆಯಲ್ಲಪ್ಪ" ಎಂದೆ.

"ಖಾಲೀನೇ ಅಲ್ವಾ ಅಪಾ ಇರ್ಬೇಕಾದ್ದು?" ಎಂದರು.

"ನಿಮ್ಮಮ್ಮ ನೆರೆಮನೆ ಪಾತ್ರೇನ ಖಾಲಿ ಕಳಿಸ್ತಾರಾ?"

ಗುಮಾಸ್ತರು ಬೋಗುಣಿಯನ್ನು ನೋಡಿದರು, ನನ್ನನ್ನು ನೋಡಿದರು, ಬೋಗುಣಿಯನ್ನು ಎತ್ತಿ ಮತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಅಂಶ ಹಾಕಿ ಬರ್ಕೊಂಡ್ ಬನ್ನಿ" ಎಂದದ್ದು ಆಗಲೇ. ಒಳ್ಳೆಯ ಹುಡುಗ. ಅವರಿಗೆ ಬಡ್ತಿ ಕೊಡುವ ಸಂದರ್ಭವಿದ್ದಲ್ಲಿ ಪರಿಗಣಿಸಬೇಕು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ಒಂಬತ್ತನೆಯ ಕಲಮಿನ ಪ್ರಕಾರ ಸ್ಥಳೀಯ ರೂಢಿ ಪಾಲಿಸಬೇಕಾದ್ದರಿಂದ, ಸದರಿ ಬೋಗುಣಿಯನ್ನು ಯಾವ ಕಾರಣಕ್ಕೂ ಖಾಲಿ ಹಿಂದಿರುಗಿಸಬಾರದು.

(ಆ) ಸಮ್ಸಾಗಳನ್ನು ತಿಂದವರು ಎರಡೂ ನಿಯೋಗದವರು. ಕಾರಣ ತುಂಬಿಸುವ ಹೊಣೆ ಎರಡೂ ದೇಶಗಳದ್ದು. ಒಂದು ದೇಶ ಮಾತ್ರ ತುಂಬಿಸಿ ಕಳಿಸಿದರೆ ಮಸ್ತುರಾ ಸ್ವೀಕರಿಸುವುದಿಲ್ಲ, ನಾನು ಸ್ವೀಕರಿಸಲು ಬಿಡುವುದೂ ಇಲ್ಲ.

(ಇ) ಏನನ್ನು ತುಂಬಬೇಕು, ಹಿಟ್ಟು ಯಾವ ದೇಶದ್ದು, ಬೇಯಿಸುವುದು ಯಾರ ಗ್ಯಾಸಿನಲ್ಲಿ ಅಥವಾ ಯಾರ ಕರೆಂಟಿನಲ್ಲಿ, ಈರುಳ್ಳಿ ಎಷ್ಟು, ಮುಚ್ಚಳ ಬೇಕೋ ಬೇಡವೋ ಎಂಬುದನ್ನೆಲ್ಲ ಎರಡೂ ಕಡೆಯವರು ಕೂತು ಸರ್ವಾನುಮತದಿಂದ ತೀರ್ಮಾನಿಸಬೇಕು. ಬಹುಮತ ಸಾಲದು. ಉಪಸಮಿತಿ ರಚಿಸಿದರೆ ನಮ್ಮ ಆಕ್ಷೇಪವಿಲ್ಲ. ಎರಡು ಉಪಸಮಿತಿಗಳಾದರೆ ಇನ್ನೂ ಸಂತೋಷ.

(ಈ) ಹೂಳಿನ ವಿಷಯದಲ್ಲಿ ಪಾಲಿಸಿದ ಶಿಸ್ತನ್ನೇ ಇಲ್ಲಿಯೂ ಪಾಲಿಸಬೇಕು.

ಮಾನ್ಯರೇ, ನಾನು ಸಹಕಾರದ ವಿರೋಧಿಯಲ್ಲ. ಕರೆಂಟು ಆಚೆ ಹೋಗಲಿ, ಗ್ಯಾಸು ಈಚೆ ಬರಲಿ, ಎಲ್ಲ ಮಕ್ಕಳೂ ಬೆಚ್ಚಗಿರಲಿ. ಮಾರ್ಗ ಪೂರ್ತಿಯಾಗಬೇಕು ಎಂಬುದು ನನ್ನ ಆಸೆಯೂ ಹೌದು. ಸ್ವಲ್ಪ ಕಾಯಿರಿ ಎಂದಷ್ಟೇ ನನ್ನ ಬೇಡಿಕೆ. ನನಗೂ ಅವಳಿಗೂ ವಯಸ್ಸಾಗಿದೆ. ಅವಳ ಮೊಣಕಾಲು ಹೋಗಿದೆ, ನನ್ನ ಎದೆ ಆಗಾಗ ಹೊಡೆದುಕೊಳ್ಳುವುದನ್ನು ಮರೆಯುತ್ತದೆ. ಎರಡು ಉಪಸಮಿತಿಗಳು ಒಂದು ಒಪ್ಪಂದಕ್ಕೆ ಬರುವಷ್ಟು ಕಾಲ ಸಿಕ್ಕರೆ ನಮಗೆ ಧಾರಾಳವಾಗಿ ಸಾಕು. ಆಮೇಲೆ ಕಂಬದ ಒಂದು ಕಾಲನ್ನು ಅವಳ ಅಡುಗೆಮನೆಯಲ್ಲಿ ಊರಿ, ಬೇಕಾದರೆ ಇನ್ನೊಂದನ್ನು ನನ್ನ ಅಡುಗೆಮನೆಯಲ್ಲಿ ಊರಬಹುದು. ಕೇಳುವವರು ಯಾರೂ ಇರುವುದಿಲ್ಲ.

ಕಾಲುವೆಯ ಈಚೆ ದಡದಿಂದ ತಮ್ಮ ವಿಶ್ವಾಸಿ,
ಉಲ್ಕಾನ್ ಎಶ್ಮಾತೋವಾ

ಅಡಕಗಳು:
1. ರಸೀದಿಯ ನಕಲು ('ಬೋಗುಣಿ ಒಂದು, ಖಾಲಿ' ಎಂಬಲ್ಲಿ ಗೆರೆ ಎಳೆದಿದೆ).
2. ತೆರವು ನೋಟಿಸಿನ ನಕಲು. ಮೂಲಪ್ರತಿಯ ಮೇಲೆ ಮಸ್ತುರಾ ಹಿಟ್ಟು ಲಟ್ಟಿಸಿರುವುದರಿಂದ ಹಾಜರುಪಡಿಸಲು ಆಗಿಲ್ಲ.
3. ಗುಮಾಸ್ತರಿಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು (ಬೌರ್ಸೋಕ್), ಕಾಗದದ ಪೊಟ್ಟಣದಲ್ಲಿ. ಪಾತ್ರೆಯಲ್ಲಿ ಕೊಟ್ಟು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವ ಉದ್ದೇಶವಿಲ್ಲ.

ಕೊನೆಯದಾಗಿ, ಈ ಅರ್ಜಿಗೆ ತಾವು ಉತ್ತರ ಬರೆಯಬಾರದಾಗಿ ವಿನಂತಿ.